ಮಾಂಟ್ರಿಯಲ್ ಚಳಿಗೆ ಯಾವ ಟೈರ್?

ಮಾಂಟ್ರಿಯಲ್‌ನಲ್ಲಿ ಇದು ಬರೀ ಇಷ್ಟಾನಿಷ್ಟದ ಪ್ರಶ್ನೆಯಲ್ಲ. ಆ ಊರಿರುವ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ‘ಆಲ್ ಸೀಸನ್’ ಟೈರಿನ ರಬ್ಬರ್ ಗಡುಸಾಗಿ ಹಿಡಿತ ಕಡಿಮೆಯಾಗುತ್ತದೆ. ಚಳಿಗಾಲದ ಟೈರ್ ಮೆದುವಾಗಿಯೇ ಉಳಿಯುತ್ತದೆ. ಅದರ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಆದರೆ ಬೇಸಿಗೆಯಲ್ಲಿ ಅದು ಬೇಗ ಸವೆಯುತ್ತದೆ.

ವರ್ಷಕ್ಕೆ ಎರಡು ಸಲ ಟೈರ್ ಬದಲಾಯಿಸುವುದು ಕಷ್ಟವೇ? ಊರೊಳಗಷ್ಟೇ ಓಡಾಡುವುದಾದರೆ ‘ಆಲ್ ವೆದರ್’ ಟೈರ್ ಆದೀತು; ಅದರ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳಿನ ಗುರುತು ಇರಲೇಬೇಕು. ದಿನವೂ ಹೆದ್ದಾರಿ ಹಿಡಿಯುವವರಿಗೆ ಚಳಿಗಾಲದ್ದೇ ಸರಿ. ನಾಲ್ಕೂ ಚಕ್ರಕ್ಕೆ ಒಂದೇ ಬಗೆಯದನ್ನು ಹಾಕಿಸಿ; ಎರಡಕ್ಕಷ್ಟೇ ಹಾಕಿಸಿದರೆ ತಿರುವಿನಲ್ಲಿ ಕಾರು ಹತೋಟಿ ತಪ್ಪಬಹುದು. ಮೊದಲ ಹಿಮ ಬೀಳುವವರೆಗೆ ದಯವಿಟ್ಟು ಕಾಯಬೇಡಿ.