ಮನಸ್ಸಿನ ಚಿಕಿತ್ಸೆಗೆ ಯಾರ ಬಳಿ ಹೋಗಬೇಕು?

ನನ್ನ ತಂಗಿಯ ಮನೆ ಬೆಟ್ಟದಪುರದ ಕಡೆ. ಎರಡು ಎಕರೆ ಹೊಗೆಸೊಪ್ಪು, ಮನೆಯ ಹಿಂದೆ ಅದನ್ನು ಬೇಯಿಸುವ ಬ್ಯಾರನ್. ಅವಳ ಹಿರಿಯ ಮಗಳು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ವುಝೂ ಮಾಡಲು ಬಚ್ಚಲಿಗೆ ಹೋದರೆ ಮುಕ್ಕಾಲು ಗಂಟೆಯಾದರೂ ಹೊರಗೆ ಬರುತ್ತಿರಲಿಲ್ಲ. ಹುಡುಗಿಗೆ ದೀನ್‌ನ ಮೇಲೆ ಎಷ್ಟು ಕಾಳಜಿ ಎಂದು ಮೊದಮೊದಲು ಮನೆಯವರೆಲ್ಲ ಸಂತೋಷಪಟ್ಟರು. ನಾನೂ ಹೊಗಳಿದವಳೇ. ಮಳೆಗಾಲ ಹಿಡಿಯುವಷ್ಟರಲ್ಲಿ ಅವಳ ಬೆರಳ ಸಂದಿಗಳು ಬಿರಿದು ರಕ್ತ ಜಿನುಗುತ್ತಿತ್ತು. ಮೊಣಕೈ ಸರಿಯಾಗಿ ನೆನೆಯಿತೋ ಇಲ್ಲವೋ ಎಂಬ ಸಂಶಯ. ಮತ್ತೆ ಮೊದಲಿನಿಂದ ಶುರು. ವುಝೂ ಮುಗಿಯುವಷ್ಟರಲ್ಲಿ ಸೂರ್ಯ ಹುಟ್ಟಿ ಫಜ್ರ್ ನಮಾಝೇ ತಪ್ಪತೊಡಗಿತು. ಆ ವರ್ಷ ಅವಳು ಪರೀಕ್ಷೆಗೂ ಕೂರಲಿಲ್ಲ.

ಮಸೀದಿಯ ಹಜ್ರತ್ ವಿಷಯ ಕೇಳಿದೊಡನೆ "ಇದು ವಸ್‌ವಸಾ, ಮೂರು ಸಲಕ್ಕಿಂತ ಹೆಚ್ಚು ತೊಳೆಯಬಾರದು, ಸಂಶಯ ಬಂದರೆ ಲಕ್ಷ್ಯ ಕೊಡಬಾರದು" ಎಂದರು. ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಲಕ್ಷ್ಯ ಕೊಡದೆ ಇರುವುದು ಹೇಗೆ ಎಂಬುದೇ ಆ ಮಗುವಿಗೆ ಗೊತ್ತಾಗುತ್ತಿರಲಿಲ್ಲ. ಆಮೇಲೆ ಬೈದದ್ದಾಯಿತು, ಬಚ್ಚಲ ಬಾಗಿಲು ಬಡಿದದ್ದಾಯಿತು, ಎಲ್ಲಿಂದಲೋ ತಾವೀಝ್ ತಂದು ಕಟ್ಟಿದ್ದಾಯಿತು.

ಕೊನೆಗೆ ಯಾರೋ ನಗರದ ಒಂದು ಜಾಗದ ಹೆಸರು ಹೇಳಿದರು. ಬಾಗಿಲಲ್ಲಿ ದೊಡ್ಡ ಬೋರ್ಡು: ಸಂಮೋಹನ, ಮನಶ್ಶಕ್ತಿ, ಕೌನ್ಸೆಲಿಂಗ್. ಹತ್ತು ಭೇಟಿಗೆ ಹದಿನೈದು ಸಾವಿರ ರೂಪಾಯಿ, ಪೂರ್ತಿ ಮುಂಗಡ. ಎರಡನೇ ಭೇಟಿಯಲ್ಲಿ ಆ ಮನುಷ್ಯ, ವಾಸಿಯಾಗುವ ತನಕ ಆರು ತಿಂಗಳು ನಮಾಝ್ ಬಿಟ್ಟುಬಿಡು ಎಂದ. ಮಗಳು ಮನೆಗೆ ಬಂದು ಊಟ ಬಿಟ್ಟಳು. ಹಣ ವಾಪಸು ಬರಲಿಲ್ಲ. ಅಲ್ಲಿ ಗೋಡೆಯ ಮೇಲೆ ಆರು ಸರ್ಟಿಫಿಕೇಟ್ ತೂಗುಹಾಕಿದ್ದರು. ನಮ್ಮಲ್ಲಿ ಯಾರೂ ಒಂದನ್ನೂ ಓದಿರಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಮೊದಲು ಒಂದು ಮಾತು. ಹುಚ್ಚರ ಡಾಕ್ಟರ ಹತ್ತಿರ ಹೋದರು ಎಂದು ಊರಿಗೆ ಗೊತ್ತಾದರೆ ಮಗಳಿಗೆ ಸಂಬಂಧ ಕೂಡಿಬರುವುದಿಲ್ಲ ಎಂಬ ಭಯ ನಮ್ಮ ಮನೆಗಳಲ್ಲಿದೆ. ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಪಕ್ಕದ ಓಣಿಯವರು ನೋಡುತ್ತಾರೆ. ಅದಕ್ಕೇ ದೂರದ ಖಾಸಗಿ ಕ್ಲಿನಿಕ್ ಹುಡುಕುತ್ತೇವೆ, ಯಾರನ್ನೂ ವಿಚಾರಿಸದೆ ಹುಡುಕುತ್ತೇವೆ. ವಿಚಾರಿಸದೆ ಬರುವವರಿಂದಲೇ ಇಂಥ ಬೋರ್ಡಿನವರ ಹೊಟ್ಟೆ ತುಂಬುವುದು. ನಾಚಿಕೆಪಡುವಂಥದ್ದು ಏನೂ ಇಲ್ಲ. ಸಾವಿರ ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್‌ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಬರೆದ ಗ್ರಂಥದಲ್ಲಿ ಮನಸ್ಸಿನ ತೊಂದರೆಗಳನ್ನು ಸಿಟ್ಟು, ಭಯ, ದುಃಖ ಮತ್ತು ವಸ್‌ವಸಾ ಎಂದು ವಿಂಗಡಿಸಿದ್ದರು. ಮೈಗೆ ಮದ್ದು ಬೇಕಾದಂತೆ ಮನಸ್ಸಿಗೂ ಉಪಚಾರ ಬೇಕು ಎಂಬುದು ಅವರ ವಾದ. ಪ್ರತಿ ರೋಗಕ್ಕೂ ಮದ್ದಿದೆ, ಹುಡುಕಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದು ಕೈಕಾಲಿನ ರೋಗಕ್ಕೆ ಮಾತ್ರ ಅಲ್ಲವಲ್ಲ.

ಇನ್ನು ಯಾರು ಯಾರು ಎಂಬ ವಿಷಯ. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮುಗಿಸಿ ಮನೋವೈದ್ಯ ಶಾಸ್ತ್ರದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಪಿ.ಎಂ. ಮಾಡಿದ ಡಾಕ್ಟರು. ಮಾತ್ರೆ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ; ಮಾತಿನ ಮೂಲಕ, ಅಭ್ಯಾಸಗಳ ಮೂಲಕ ಚಿಕಿತ್ಸೆ ಕೊಡುತ್ತಾರೆ, ಮನಸ್ಸಿನ ಪರೀಕ್ಷೆಗಳನ್ನು ಮಾಡುತ್ತಾರೆ. ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೆ, ಇವರಲ್ಲಿ ಹೆಚ್ಚಿನವರು ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತಲೇ ಎರಡು ವರ್ಷದ ಎಂ.ಫಿಲ್. ಮಾಡಿರುತ್ತಾರೆ. ಹೆಸರಿನ ಮುಂದೆ ಡಾಕ್ಟರ್ ಎಂದಿದ್ದರೆ ಮೋಸಹೋಗಬೇಡಿ. ಪಿಎಚ್‌.ಡಿ. ಮಾಡಿದವರೂ ಡಾಕ್ಟರೇ, ಅವರು ಒಳ್ಳೆಯ ಅಧ್ಯಾಪಕರಾಗಿರಬಹುದು, ರೋಗಿಯನ್ನು ನೋಡಿರಬೇಕೆಂದೇನಿಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್.ಸಿ.ಐ.ನಲ್ಲಿ, ನೋಂದಣಿ ಮಾಡಿಸಿರಬೇಕು. 1992ರ ಕಾಯ್ದೆ ಇದು. ಪರಿಷತ್ತು ಕೊಡುವ ಸಂಖ್ಯೆಗೆ ಸಿ.ಆರ್.ಆರ್. ನಂಬರ್ ಎನ್ನುತ್ತಾರೆ. "ಮೇಡಂ, ನಿಮ್ಮ ಸಿ.ಆರ್.ಆರ್. ನಂಬರ್ ಕೊಡುತ್ತೀರಾ?" ಎಂದು ಫೋನಿನಲ್ಲೇ ಕೇಳಿ. ನಿಜವಾದವರು ಬೇಸರಪಡುವುದಿಲ್ಲ. ಪರಿಷತ್ತಿನ ಜಾಲತಾಣದಲ್ಲಿ ಹೆಸರು ಅಥವಾ ನಂಬರ್ ಹಾಕಿ ಹುಡುಕಬಹುದು. ಕಾಲೇಜಿಗೆ ಹೋಗುವ ಮಕ್ಕಳಿಗೆ ಹೇಳಿದರೆ ಐದು ನಿಮಿಷದಲ್ಲಿ ನೋಡಿಕೊಡುತ್ತಾರೆ. ನೋಂದಣಿ ಇಲ್ಲದೆ ಈ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಕಾಯ್ದೆಯಲ್ಲಿದೆ. ಸಾವಿರ ರೂಪಾಯಿ! ನಾವು ಕಳೆದುಕೊಂಡದ್ದು ಅದರ ಹದಿನೈದು ಪಟ್ಟು. ಅದೂ ಅಲ್ಲದೆ, ಆ ಮನುಷ್ಯ ತನ್ನನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಎಲ್ಲಿಯೂ ಬರೆದುಕೊಂಡಿರಲಿಲ್ಲ.

ಥೆರಪಿಸ್ಟ್, ಕೌನ್ಸೆಲರ್, ಆಪ್ತ ಸಮಾಲೋಚಕ ಎಂಬ ಹೆಸರುಗಳಲ್ಲೇ ಗೊಂದಲ ಹೆಚ್ಚು. ಎರಡು ವರ್ಷ ಓದಿದವರೂ ಇದೇ ಬೋರ್ಡು ಹಾಕುತ್ತಾರೆ, ಎರಡು ಭಾನುವಾರದ ತರಗತಿಗೆ ಹೋಗಿಬಂದವರೂ ಹಾಕುತ್ತಾರೆ. 2021ರಲ್ಲಿ ಬಂದ ಆರೋಗ್ಯ ವೃತ್ತಿಪರರ ಕಾಯ್ದೆ ಉಳಿದ ಮನಶ್ಶಾಸ್ತ್ರಜ್ಞರನ್ನೂ ನೋಂದಣಿಯೊಳಗೆ ತರಲು ದಾರಿ ಮಾಡಿದೆ. ಆದರೂ ಓದು ಎಲ್ಲಿ, ಎಷ್ಟು ವರ್ಷ, ಯಾರ ಕೈಕೆಳಗೆ ತರಬೇತಿ ಎಂದು ನಾವೇ ಕೇಳಿ ತಿಳಿದುಕೊಳ್ಳಬೇಕು. ಎಲ್ಲ ಸಮಾಲೋಚಕರೂ ಕಳ್ಳರೆಂದು ನಾನು ಹೇಳುತ್ತಿಲ್ಲ. ಗಂಡಹೆಂಡಿರ ಮನಸ್ತಾಪ, ಸಾವಿನ ದುಃಖ, ಪರೀಕ್ಷೆಯ ಭಯ ಇಂಥವಕ್ಕೆ ಚೆನ್ನಾಗಿ ಕಲಿತ ಸಮಾಲೋಚಕರು ಸಾಕು. ಸಾಯುವ ಮಾತು, ಇಲ್ಲದ ಧ್ವನಿ ಕೇಳಿಸುವುದು, ತಿಂಗಳುಗಟ್ಟಲೆ ನಿದ್ದೆ ಊಟ ಬಿಡುವುದು, ನಮ್ಮ ಹುಡುಗಿಯಂತೆ ತೊಳೆದದ್ದನ್ನೇ ತೊಳೆಯುವುದು, ಇವುಗಳಿಗೆ ಮೊದಲು ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ನೋಡಬೇಕು.

ನಮಗೆ ದಾರಿ ತೋರಿಸಿದವರು ಒಬ್ಬ ಚರ್ಮದ ಡಾಕ್ಟರು. ಬಿರಿದ ಕೈ ತೋರಿಸಲು ಮೈಸೂರಿಗೆ ಹೋಗಿದ್ದೆವು. ಮುಲಾಮು ಬರೆಯುವ ಮೊದಲು ಅವರು "ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತೀಯಮ್ಮ?" ಎಂದು ಕೇಳಿದರು. ಹುಡುಗಿ ಅತ್ತುಬಿಟ್ಟಳು. ಅವರು ಮನೋವೈದ್ಯರಿಗೆ ಚೀಟಿ ಕೊಟ್ಟರು, ಮನೋವೈದ್ಯರು ಖಾಸಗಿಯಾಗಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳ ಹೆಸರು ಕೊಟ್ಟರು. ನನ್ನ ಅನುಭವದಲ್ಲಿ ಹುಡುಕುವ ಸರಿಯಾದ ದಾರಿ ಇದೇ: ಜಾಹೀರಾತಿನಿಂದಲ್ಲ, ಡಾಕ್ಟರಿಂದ ಡಾಕ್ಟರಿಗೆ.

ಮೈಸೂರು ಈ ವಿಷಯದಲ್ಲಿ ಬಡ ಊರಲ್ಲ. ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ್ದು 1924ರಲ್ಲಿ. (1935ರಲ್ಲಿ ಮನೆಯಲ್ಲೇ ಆಕಾಶವಾಣಿ ಎಂಬ ರೇಡಿಯೋ ಕೇಂದ್ರ ಶುರುಮಾಡಿದವರೂ ಅವರೇ.) ಕೆ.ಆರ್. ಆಸ್ಪತ್ರೆಯಲ್ಲೂ ಜೆಎಸ್‌ಎಸ್ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗಗಳಿವೆ. ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವಿದೆ. ಮಕ್ಕಳ ಕಲಿಕೆಯ ತೊಂದರೆಗೆ ಅಲ್ಲಿಗೆ ಹೋಗಬಹುದು. ಇಂಥ ವಿಭಾಗದಲ್ಲಿ ಒಮ್ಮೆ ತೋರಿಸಿ, "ಹೊರಗೆ ಖಾಸಗಿಯಾಗಿ ನೋಡುವ, ನೋಂದಣಿಯಾದ ಸೈಕಾಲಜಿಸ್ಟ್ ಯಾರಿದ್ದಾರೆ?" ಎಂದು ಕೇಳಿದರೆ ಎರಡು ಮೂರು ಹೆಸರು ಸಿಗುತ್ತವೆ. ಅಷ್ಟು ದೂರ ಹೋಗಲಾಗದವರು ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿ. ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕಿಗೆ ಕರೆತರಲು ರಾಜ್ಯ ಸರ್ಕಾರ ಆರಂಭಿಸಿದ ಕಾರ್ಯಕ್ರಮ ಅದು.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ ಕೇಳಬೇಕಾದದ್ದನ್ನು ಸಂಕೋಚಪಡದೆ ಕೇಳಿ. ಒಂದು ಭೇಟಿಗೆ ಎಷ್ಟು ಶುಲ್ಕ, ಎಷ್ಟು ಹೊತ್ತು? ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಪ್ರತಿ ಭೇಟಿಗೆ ಆಗಾಗಲೇ ಕೊಡಬಹುದೇ? ಈ ತೊಂದರೆಗೆ ಯಾವ ಬಗೆಯ ಚಿಕಿತ್ಸೆ ಕೊಡುತ್ತೀರಿ? ಕೆಲವು ಭೇಟಿ ಫೋನಿನಲ್ಲಿ ಸಾಧ್ಯವೇ? ಬೆಟ್ಟದಪುರದಿಂದ ಮೈಸೂರಿಗೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ, ಸೊಪ್ಪು ಬೇಯಿಸುವ ತಿಂಗಳಲ್ಲಂತೂ ಮನೆ ಬಿಡುವಂತೆಯೇ ಇಲ್ಲ. ಹೆಣ್ಣುಮಕ್ಕಳಿಗೆ ಮಹಿಳೆಯೇ ಬೇಕೆಂದು ಕೇಳುವುದು ನಿಮ್ಮ ಹಕ್ಕು. ನೂರಕ್ಕೆ ನೂರು ವಾಸಿ ಮಾಡುತ್ತೇನೆ ಎನ್ನುವವರು, ಡಾಕ್ಟರು ಕೊಟ್ಟ ಮಾತ್ರೆ ಎಸೆಯಿರಿ ಎನ್ನುವವರು, ಒಳಗಿನ ಮಾತು ಯಾರಿಗೂ ಹೇಳಬೇಡ ಎಂದು ಹುಡುಗಿಯನ್ನು ಹೆದರಿಸುವವರು ಸಿಕ್ಕರೆ ಅಲ್ಲಿಂದಲೇ ಎದ್ದು ಬನ್ನಿ.

ನಮ್ಮ ತಪ್ಪೂ ಒಂದಿತ್ತು. ಮೊದಲ ಭೇಟಿಗೆ ತಂಗಿ ಒಳಗೆ ಕೂರುತ್ತೇನೆಂದು ಹಟ ಹಿಡಿದಳು. ಸ್ವಲ್ಪ ಹೊತ್ತು ಕೂರಿಸಿಕೊಂಡು ಆಮೇಲೆ ಹೊರಗೆ ಕಳಿಸಿದರು. ದಾರಿಯುದ್ದಕ್ಕೂ "ಒಳಗೆ ಏನು ಹೇಳಿದೆ?" ಎಂದು ಮಗಳನ್ನು ಕೆದಕಿದ್ದೇ ಕೆದಕಿದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯವಿದ್ದಾಗ ಮನೆಯವರಿಗೆ ತಿಳಿಸುತ್ತಾರೆ. ಮಿಕ್ಕದ್ದನ್ನು ನಾವು ಕೇಳಬಾರದು.

ಚಿಕಿತ್ಸೆ ಹೇಗಿತ್ತು ಎಂದು ಹೇಳಿದರೆ ಒಳ್ಳೆಯದನ್ನು ಗುರುತಿಸಲು ನಿಮಗೆ ಅನುಕೂಲ. ಆ ಮೇಡಂ ಮುಸ್ಲಿಮರಲ್ಲ. ವಸ್‌ವಸಾ ಎಂಬ ಶಬ್ದವನ್ನೇ ಕೇಳಿರಲಿಲ್ಲ. ನಮಾಝ್ ಬಿಡು ಎನ್ನಲಿಲ್ಲ, "ವುಝೂವಿನಲ್ಲಿ ಎಷ್ಟು ತೊಳೆದರೆ ಸಾಕು ಎಂದು ನಿಮ್ಮ ಗುರುಗಳನ್ನು ಕೇಳಿಕೊಂಡು ಬಾ" ಎಂದರು. ಹಜ್ರತ್ ಹೇಳಿದ ಮೂರು ಸಲವೇ ಗೆರೆಯಾಯಿತು. ಭಯಗಳನ್ನೆಲ್ಲ ಕಡಿಮೆಯಿಂದ ಹೆಚ್ಚಿಗೆ ಮೆಟ್ಟಿಲಿನಂತೆ ಬರೆಸಿದರು. ಮೊದಲ ಮೆಟ್ಟಿಲು: ಕೈ ಒಮ್ಮೆ ತೊಳೆದು, ಸಂಶಯ ಬಂದರೂ ಮತ್ತೆ ತೊಳೆಯದೆ ಅರ್ಧ ಗಂಟೆ ಕೂರುವುದು. ಗಾಬರಿ ಏರುತ್ತದೆ, ತೊಳೆಯದಿದ್ದರೂ ತಾನಾಗಿ ಇಳಿಯುತ್ತದೆ. ಅದನ್ನು ಮೈಯೇ ಕಲಿಯಬೇಕು. ತಾಯಿಗೂ ಪಾಠವಿತ್ತು: "ಅಮ್ಮೀ, ಮೊಣಕೈ ನೆನೆದಿದೆಯಾ?" ಎಂದು ಮಗಳು ಕೇಳಿದರೆ ಹೌದು ಎನ್ನಬಾರದು, ಇಲ್ಲ ಎನ್ನಬಾರದು. ದಿನಕ್ಕೆ ನಲವತ್ತು ಸಲ "ಹೌದು ಕಂದಾ" ಎನ್ನುತ್ತಿದ್ದ ತಂಗಿಗೆ ಇದೇ ಎಲ್ಲಕ್ಕಿಂತ ಕಷ್ಟವಾದದ್ದು. ಮನೋವೈದ್ಯರ ಮಾತ್ರೆಯೂ ಜೊತೆಗಿತ್ತು. ಅದು ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ, ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು ಎಂದು ಮೊದಲೇ ಹೇಳಿದ್ದರು.

ಯಾರ ಬಳಿ ಹೋಗುವುದೆಂದೇ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು. ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲಿ ಮಾತಾಡುತ್ತಾರೆ, ಕಾಸಿಲ್ಲ. ಸಾಯುವ ಮಾತು ಆಡುವವರು ಮನೆಯಲ್ಲಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಅವತ್ತೇ ಬೇರೆಡೆ ಸಾಗಿಸಿ.

ನಮ್ಮ ಹುಡುಗಿ ಡಿಗ್ರಿ ಮುಗಿಸಿ ಈಗ ಬಿ.ಎಡ್. ಓದುತ್ತಿದ್ದಾಳೆ. ವುಝೂ ಐದು ನಿಮಿಷದಲ್ಲಿ ಮುಗಿಯುತ್ತದೆ, ಅಲ್‌ಹಂದುಲಿಲ್ಲಾಹ್. ಪರೀಕ್ಷೆ ಹತ್ತಿರ ಬಂದಾಗ ವಸ್‌ವಸಾ ಮತ್ತೆ ತಲೆ ಎತ್ತುವುದುಂಟು. ಆಗ ಮೇಡಂ ಜೊತೆ ಒಂದೆರಡು ಸಲ ಫೋನಿನಲ್ಲಿ ಮಾತಾಡುತ್ತಾಳೆ. ಇದನ್ನೆಲ್ಲ ಬರೆಯಲು ಒಪ್ಪಿಗೆ ಕೊಟ್ಟವಳು ಅವಳೇ: "ಖಾಲಾ, ಆ ನಂಬರ್ ಕೇಳುವ ವಿಷಯ ಮಾತ್ರ ಮರೆಯದೆ ಬರೆಯಿರಿ."