ಎತ್ತಿನಹೊಳೆಯ ಲೆಕ್ಕದಲ್ಲಿ ಮೀನಿಗೆಷ್ಟು ನೀರು?

ಮೆಲ್ಕಾರ್ ಪಕ್ಕದ ಪಾಣೆಮಂಗಳೂರಿನಲ್ಲಿ ನೇತ್ರಾವತಿ ಮಳೆಗಾಲದಲ್ಲಿ ಹೇಗೆ ತುಂಬಿ ಹರಿಯುತ್ತದೆ ಅಂತ ನಮಗೆಲ್ಲ ಗೊತ್ತು. ಅಷ್ಟೊಂದು ನೀರು ಸಮುದ್ರ ಸೇರೋದನ್ನು ನೋಡಿದರೆ "ವೇಸ್ಟ್ ಆಗ್ತಿದೆಯಲ್ಲ" ಅನಿಸೋದು ಸಹಜ. ಎತ್ತಿನಹೊಳೆ ಯೋಜನೆಯ ಪರವಾಗಿ ಕೇಳಿಬರುವ ಮಾತೂ ಇದೇ. ನಾವು ಎಂಜಿನಿಯರಿಂಗ್ ಓದುವವರು, ಹಾಗಾಗಿ ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಸಕಲೇಶಪುರ ತಾಲೂಕಿನ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ನೀರು ಗುಂಡ್ಯ ಹೊಳೆಗೆ, ಅಲ್ಲಿಂದ ಕುಮಾರಧಾರೆಗೆ ಹೋಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ನಮ್ಮ ಕಡೆ ಬರುತ್ತದೆ. ಮಳೆಗಾಲದಲ್ಲಿ ಅಲ್ಲಿಂದ 24 ಟಿಎಂಸಿ ನೀರು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ ಸೇರಿದಂತೆ ಬಯಲು ಜಿಲ್ಲೆಗಳಿಗೆ ಕೊಡುವುದು ಯೋಜನೆಯ ಗುರಿ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಅಲ್ಲಿನವರ ಕಷ್ಟವೇನೂ ಸುಳ್ಳಲ್ಲ. ಸಾವಿರ ಅಡಿ ಕೊರೆದರೂ ನೀರಿಲ್ಲದ ಬೋರ್‌ವೆಲ್‌ಗಳಿವೆ, ಸಿಕ್ಕ ನೀರಿನಲ್ಲಿ ಫ್ಲೋರೈಡ್ ಇದೆ.

ಈಗ ಲೆಕ್ಕ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರ್. 24 ಟಿಎಂಸಿ ಅಂದರೆ ಸುಮಾರು 68 ಕೋಟಿ ಘನ ಮೀಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ 2015ರ ಅಧ್ಯಯನದ ಪ್ರಕಾರ ಇಲ್ಲಿನ ಜಲಾನಯನ ಪ್ರದೇಶ 179.68 ಚದರ ಕಿಲೋಮೀಟರ್. ಭಾಗಿಸಿದರೆ ಸುಮಾರು 3.78 ಮೀಟರ್ ಬರುತ್ತದೆ. ಅಂದರೆ 3,780 ಮಿಲಿಮೀಟರ್ ಮಳೆ ಸುರಿದು, ಒಂದು ಹನಿಯೂ ಇಂಗದೆ, ಆವಿಯಾಗದೆ, ಪೂರ್ತಿ ಹೊಳೆಗೇ ಬರಬೇಕು! ಆ ತಂಡದ ಲೆಕ್ಕದಲ್ಲಿ ವರ್ಷಕ್ಕೆ ಸಿಗೋದು 9.55 ಟಿಎಂಸಿ ಮಾತ್ರ. ಅದರಲ್ಲಿ 5.84 ಟಿಎಂಸಿ ಅಲ್ಲಿನ ಜನ, ಕೃಷಿ, ತೋಟ, ಜಾನುವಾರುಗಳಿಗೇ ಬೇಕು. ಮೀನುಗಳು ಬದುಕಲು ಸುಮಾರು 2 ಟಿಎಂಸಿ ಹೊಳೆಯಲ್ಲೇ ಹರಿಯಬೇಕು. ಉಳಿಯೋದು ಎರಡು ಟಿಎಂಸಿಯೂ ಇಲ್ಲ.

ಇಲ್ಲಿ ನಮಗೆ ಇಂಟರೆಸ್ಟಿಂಗ್ ಅನಿಸಿದ್ದು ಮೀನಿನ ಪಾಲು. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ಮೀನುಗಳನ್ನು ಯಾರೂ ಹಿಡಿಯೋದಿಲ್ಲ, ಅವು ದೇವರ ಮೀನು. ಹೊಳೆಯಲ್ಲಿ ಮೀನಿಗೂ ಹಕ್ಕಿದೆ ಅಂತ ಊರಿನವರು ನಂಬಿಕೆಯಿಂದ ಹೇಳಿದ್ದನ್ನು ವಿಜ್ಞಾನಿಗಳು ಟಿಎಂಸಿಯಲ್ಲಿ ಅಳೆದಿದ್ದಾರೆ. ನಮ್ಮ ರೈತರು ಮಳೆ ನಿಂತ ಮೇಲೆ ತೋಡಿಗೆ ಕಲ್ಲು ಮಣ್ಣಿನಿಂದ ಹಾಕುವ ಕಟ್ಟವೂ ಹಾಗೇ. ಒಬ್ಬರ ಕಟ್ಟ ತುಂಬಿ ಹರಿದ ನೀರು ಕೆಳಗಿನವರ ಕಟ್ಟಕ್ಕೆ ಹೋಗುತ್ತದೆ. ಸಮುದ್ರ ಸೇರುವ ನೀರೂ ವೇಸ್ಟ್ ಅಲ್ಲ, ಅಳಿವೆಯ ಮೀನುಗಾರಿಕೆ ನಿಂತಿರೋದು ಅದರ ಮೇಲೆ.

ಹಾಗಂತ ಇದು ಕರಾವಳಿ ಮತ್ತು ಕೋಲಾರದ ಜಗಳ ಅಲ್ಲ. ಲೆಕ್ಕ ತಪ್ಪಿದರೆ ಇಲ್ಲಿ ಹೊಳೆ ಬಡವಾಗುತ್ತದೆ, ಅಲ್ಲಿ ಪೈಪಿಗೆ ನೀರು ಬರೋದಿಲ್ಲ, ಇಬ್ಬರಿಗೂ ನಷ್ಟ. ಹಾಗಾಗಿ ನಾಳೆ ನಾವು ಯಾವುದೇ ಪ್ರಾಜೆಕ್ಟ್ ರಿಪೋರ್ಟ್ ಬರೆಯುವಾಗ ಮೊದಲು ಮೂರು ವಿಷಯ ಕೇಳೋಣ: ನೀರು ನಿಜವಾಗಿ ಎಷ್ಟಿದೆ? ಈಗಾಗಲೇ ಅದನ್ನು ಯಾರು ಬಳಸ್ತಿದ್ದಾರೆ? ಹೊಳೆಗೆ ಎಷ್ಟು ಬಿಡಬೇಕು? ಮೊದಲನೆಯದರಿಂದ ಉಳಿದೆರಡನ್ನೂ ಕಳೆದ ಮೇಲೆ ಉಳಿದದ್ದನ್ನು ಮಾತ್ರ ಹಂಚಬಹುದು.