ವಿಷಯ ಸಂಯೋಜನೆ ಮತ್ತು ಪ್ರವೇಶ ಪರೀಕ್ಷೆಗಳ ಆಯ್ಕೆ

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಕೆಲವೇ ದಿನಗಳಲ್ಲಿ ಬಾಲಕ ಬಾಲಿಕೆಯರು ಪದವಿಪೂರ್ವ ಕಾಲೇಜಿನ ಅರ್ಜಿಯಲ್ಲಿ ವಿಷಯ ಸಂಯೋಜನೆಯನ್ನು ಗುರುತಿಸುತ್ತಾರೆ. ಎರಡು ವರ್ಷಗಳ ತರುವಾಯ ಅವರು ಯಾವ ಪ್ರವೇಶ ಪರೀಕ್ಷೆಗೆ ಅರ್ಹರೆಂಬುದು ಬಹುಮಟ್ಟಿಗೆ ಅಂದೇ ನಿರ್ಣಯವಾಗಿರುತ್ತದೆ. ನೆರೆಮನೆಯವರ ಮಾತು ಕೇಳಿ ಇಷ್ಟು ದೊಡ್ಡ ನಿರ್ಣಯ ಮಾಡುವುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ವಾಡಿಕೆಯಾಗಿದೆ.

ಭೌತಶಾಸ್ತ್ರ, ರಸಾಯನಶಾಸ್ತ್ರಗಳೊಡನೆ ಗಣಿತವನ್ನೂ ಜೀವಶಾಸ್ತ್ರವನ್ನೂ ತೆಗೆದುಕೊಂಡರೆ ಎರಡೂ ಬಾಗಿಲು ತೆರೆದಿರುತ್ತವೆ ಎಂಬ ಸಮಾಧಾನ ಅನೇಕ ಪಾಲಕರದು. ಮಾತು ಸುಳ್ಳಲ್ಲ. ಆದರೆ ಎರಡು ಭಾಷೆಗಳ ಜೊತೆಗೆ ನಾಲ್ಕು ವಿಜ್ಞಾನ ವಿಷಯಗಳನ್ನು ಹೊರುವ ಮಗು, ನೀಟ್, ಜೆ.ಇ.ಇ., ಸಿ.ಇ.ಟಿ. ಮೂರಕ್ಕೂ ಸಿದ್ಧವಾಗಬೇಕೆಂದಾಗ ಯಾವುದಕ್ಕೂ ಪೂರ್ಣವಾಗಿ ಸಿದ್ಧವಾಗದೆ ಉಳಿಯುವ ಅಪಾಯವುಂಟು. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರದವು, ಜೆ.ಇ.ಇ. ಮೊದಲ ಹಂತದಲ್ಲಿ ಜೀವಶಾಸ್ತ್ರವೇ ಇಲ್ಲ, 300ರಲ್ಲಿ 100 ಅಂಕ ಗಣಿತಕ್ಕೆ. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ, ರಾಜ್ಯದ ಸಿ.ಇ.ಟಿ.ಯಲ್ಲಿ ಹಾಗೆ ಕಳೆಯುವುದಿಲ್ಲ. ಆದ್ದರಿಂದ ಅಭ್ಯಾಸದ ರೀತಿಯೇ ಬೇರೆಯಾಗಬೇಕಾಗುತ್ತದೆ. ಒಂದನ್ನು ಮುಖ್ಯವಾಗಿ ಹಿಡಿದು, ಸಿ.ಇ.ಟಿ.ಯನ್ನು ಅದರ ಜೊತೆಗಿಟ್ಟುಕೊಳ್ಳುವುದು ಸಾಮಾನ್ಯ ವಿದ್ಯಾರ್ಥಿಗೆ ಹಿತವಾದ ಮಾರ್ಗ.

1994ರಲ್ಲಿ ಆರಂಭವಾದ ಈ ಸಿ.ಇ.ಟಿ.ಯನ್ನು ಕೀಳಾಗಿ ಕಾಣುವ ಚಾಳಿಯೊಂದು ಪಟ್ಟಣಗಳಲ್ಲಿ ಬೆಳೆದಿದೆ. ಇಂಜಿನಿಯರಿಂಗ್ ಶ್ರೇಣಿಗೆ ಇದರಲ್ಲಿ ದ್ವಿತೀಯ ಪಿ.ಯು.ಸಿ. ಅಂಕಗಳನ್ನೂ ಸಮಪಾಲಿನಲ್ಲಿ ಪರಿಗಣಿಸುತ್ತಾರೆ. ತರಗತಿಯ ಪಾಠವನ್ನು ಶ್ರದ್ಧೆಯಿಂದ ಓದಿದವರಿಗೆ ಇದು ಲಾಭದಾಯಕ. ವೈದ್ಯಕೀಯ ಸೀಟು ಸಿಗದಿದ್ದರೆ ಜೀವಶಾಸ್ತ್ರ ಓದಿದ್ದು ವ್ಯರ್ಥವೆಂಬ ಭಾವನೆಯೂ ತಪ್ಪು. ಕೃಷಿ ಪದವಿಗೆ ಅದು ಬೇಕು; ಅಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಮೀಸಲು ಇದ್ದು, ಅದಕ್ಕಾಗಿ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಹೊಲದಲ್ಲಿ ಬೆಳೆದ ಹುಡುಗನಿಗೆ ಹೊಲದ ಜ್ಞಾನವೇ ನೆರವಾಗುವ ಪರೀಕ್ಷೆ ನಾಡಿನಲ್ಲಿ ಇನ್ನೆಷ್ಟಿವೆ?

ಗಣಿತವನ್ನು ಭಯದಿಂದ ಬಿಡುವ ಹೆಣ್ಣುಮಕ್ಕಳ ವಿಷಯದಲ್ಲಿ ಅಧ್ಯಾಪಕರು ವಿಶೇಷ ಗಮನವಿಡಬೇಕು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ 2021ರಲ್ಲಿ ಅವರಿಗೂ ತೆರೆಯಿತು. ಅಲ್ಲಿಯ ಲಿಖಿತ ಪರೀಕ್ಷೆಯಲ್ಲಿ ಗಣಿತವೇ ಒಂದು ಪ್ರತ್ಯೇಕ ಪತ್ರಿಕೆ.

ಇನ್ನು ಶಾಲೆಗೆ ಸೇರಿದ ಹೊಣೆಯೊಂದಿದೆ. ಸಿ.ಇ.ಟಿ. ಪ್ರವೇಶದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಉಂಟು. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗದ ಪ್ರಮಾಣಪತ್ರ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ನಾಲ್ಕನೆಯ ತರಗತಿಯವರೆಗೆ ಒಂದೂರಿನಲ್ಲಿ, ಮುಂದೆ ಮಠದ ಪ್ರಸಾದನಿಲಯದಲ್ಲಿದ್ದು ಇನ್ನೊಂದೂರಿನಲ್ಲಿ ಓದಿದ ಮಗುವಿಗೆ ಈ ಕಾಗದಗಳನ್ನು ಕೂಡಿಸಲು ಎರಡು ಶಾಲೆಗಳ ಬಾಗಿಲು ತಟ್ಟಬೇಕಾಗುತ್ತದೆ. ಹತ್ತನೆಯ ತರಗತಿಯ ವರ್ಗಾವಣೆ ಪತ್ರ ಕೊಡುವಾಗಲೇ ಇವನ್ನೂ ಸಿದ್ಧಪಡಿಸಿ ಕೈಗಿತ್ತರೆ, ಅರ್ಜಿಯ ಕಡೆಯ ದಿನದಂದು ತಂದೆ ಕೂಲಿ ಬಿಟ್ಟು ತಾಲ್ಲೂಕು ಕಚೇರಿಯ ಜಗುಲಿಯಲ್ಲಿ ಕಾಯಬೇಕಾಗಿ ಬರದು.